ಮೂವತ್ತರ ಎಣಿಕೆ

ಜನವರಿಯ ಭಾನುವಾರ, ಬೆಳಗಿನ ಆರೂವರೆ. ಹಲಸೂರಿನ ಮಗ್ಗುಲಿನ ಗೌತಮಪುರ ಇನ್ನೂ ಮಂಕಿ ಟೋಪಿ ತೆಗೆದಿಲ್ಲ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆಗೂ ಪ್ರತಿಮೆ ನಿಲ್ಲಿಸಿದ ಬಡಾವಣೆ ಇದು. ಇಲ್ಲಿ ಮಕ್ಕಳು ನಡೆಯಲು ಕಲಿಯುವುದೇ ಚೆಂಡಿನ ಹಿಂದೆ.

ಈ ಭಾಗದ ಮಣ್ಣಿನ ಮೈದಾನವೊಂದರಲ್ಲಿ ಹದಿನಾರು ಹುಡುಗರು ಸಾಲಾಗಿ ಕೂತಿದ್ದಾರೆ. ಕಾಲು ನೀಡಿ, ಮುಂದಕ್ಕೆ ಬಗ್ಗಿ, ಬೂಟಿನ ತುದಿಯನ್ನು ಬೆರಳಲ್ಲಿ ಹಿಡಿದಿದ್ದಾರೆ. ಹಿಡಿಯಲಾಗದವರು ಸಾಕ್ಸನ್ನಾದರೂ ಹಿಡಿದಿದ್ದಾರೆ. ಬಾಯಿಂದ ಹೊಗೆಯಂತೆ ಉಸಿರು. ಕೆಳಗೆ ಇಬ್ಬನಿಗೆ ನೆಂದ ಮಣ್ಣು, ಅದರ ತಂಪು ಚಡ್ಡಿ ದಾಟಿ ಮೈಗೆ ಇಳಿಯುತ್ತಿದೆ. ಎದುರಿಗೆ ಎಪ್ಪತ್ತರ ಆಸುಪಾಸಿನ ಮಾಸ್ಟರ್. ಕೊರಳಲ್ಲಿ ಮಫ್ಲರ್, ಮಫ್ಲರಿನೊಳಗೆ ವಿಷಲ್. ಅವರು ಎಣಿಸುತ್ತಾರೆ.

‘ಇಪ್ಪತ್ತೇಳು... ಇಪ್ಪತ್ತೆಂಟು... ಇಪ್ಪತ್ತೊಂಬತ್ತು...’

ಇಲ್ಲಿ ಮಾಸ್ಟರ್ ನಿಲ್ಲುತ್ತಾರೆ. ಮಫ್ಲರ್ ಸರಿಮಾಡಿಕೊಳ್ಳುತ್ತಾರೆ. ತೆಂಗಿನ ಮರದ ಮೇಲಿನ ಕಾಗೆಯನ್ನು ನೋಡುತ್ತಾರೆ. ಹುಡುಗರ ತೊಡೆಯ ಹಿಂಭಾಗ ಕಿತ್ತುಬರುವಂತಾಗುತ್ತದೆ. ಆಮೇಲೆ, ಯಾವಾಗಲೋ ಒಮ್ಮೆ, ‘ಮೂವತ್ತು.’

‘ಮಾಸ್ಟರ್ ಮೂವತ್ತು ಅಂದ್ರೆ ನಲವತ್ತು ಮಗಾ’ ಎಂದು ಗೋಲ್‌ಕೀಪರ್ ಪಕ್ಕದವನ ಕಿವಿಯಲ್ಲಿ ಗೊಣಗುತ್ತಾನೆ. ಒಂದೊಂದು ಕಾಲಿಗೆ ಎರಡೆರಡು ಸಲ ಈ ಎಣಿಕೆ. ನಲವತ್ತು ವರ್ಷಗಳಿಂದ ಹೀಗೇ.

ಈ ವರ್ಷ ಮೈದಾನಕ್ಕೆ ಇನ್ನೊಬ್ಬರು ಬಂದಿದ್ದಾರೆ. ಮೂವತ್ತೆರಡರ ಯುವಕ, ಇದೇ ಮಾಸ್ಟರ್ ಕೈಯಲ್ಲಿ ಕಲಿತು, ಕೋಚಿಂಗ್ ಲೈಸೆನ್ಸ್ ಪಡೆದು, ಇಲ್ಲಿಗೇ ಮರಳಿದವರು. ಹುಡುಗರಿಗೆ ಅವರು ‘ಕೋಚ್ ಅಣ್ಣ’. ಅಣ್ಣ ಕೋನ್‌ಗಳ ಗೋಪುರವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದವರು, ಗುರುವಿನ ಎದುರು ಮಾತಾಡುವ ಸಂಕೋಚದಲ್ಲಿ ಅರ್ಧ ನಿಮಿಷ ನಿಂತರು.

‘ಮಾಸ್ಟರ್, ಈ ಎಣಿಕೆ ಮ್ಯಾಚ್ ಮುಗಿದ ಮೇಲೆ ಇಟ್ಕೊಳ್ಳೋಣ್ವಾ?’

‘ಯಾಕಪ್ಪಾ? ರಾಮನ್ ಲಂಡನ್ನಲ್ಲಿ ಫ್ರಾನ್ಸಿಗೆ ಗೋಲು ಹೊಡೆದಾಗ ನಿನ್ನ ಈ ಪ್ಲಾಸ್ಟಿಕ್ ಕೋನ್ ಇತ್ತಾ?’

ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1948ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತಾಗ ನಮ್ಮ ಆ ಒಂದು ಗೋಲು ಅವರದು. ಆ ತಂಡದ ಬಹುಪಾಲು ಆಟಗಾರರು ಬರಿಗಾಲಲ್ಲೇ ಇಳಿದಿದ್ದರು. ಬೆಂಗಳೂರಿನ ಯಾವ ಮೈದಾನದಲ್ಲಾದರೂ ಹಿರಿಯರ ಕೈಯಲ್ಲಿರುವ ಕೊನೆಯ ಅಸ್ತ್ರ ಇದು. ಅಣ್ಣ ವಾದಕ್ಕೆ ಇಳಿಯಲಿಲ್ಲ. ಪಕ್ಕದಲ್ಲಿದ್ದ ಹುಡುಗನ ಚಡ್ಡಿಯ ಸೊಂಟಪಟ್ಟಿ ಹಿಡಿದು ಎಳೆದು ಬಿಟ್ಟರು. ಫಟ್ ಎಂದಿತು.

‘ಲಾಸ್ಟಿಕ್ ಹೊಸದು, ಫಟ್ ಅಂತು. ತುಂಬಾ ಹೊತ್ತು ಎಳೆದು ಹಿಡಿದರೆ ಸಡಿಲ ಆಗತ್ತೆ ಮಾಸ್ಟರ್. ಕಾಲೂ ಹಾಗೇನೇ, ಸ್ವಲ್ಪ ಹೊತ್ತಿಗೆ.’

ಹುಡುಗರು ನಕ್ಕರು. ಮಾತು ಮಾತ್ರ ತಮಾಷೆಯದಲ್ಲ. ಓಡುವಾಗ ಪಾದ ನೆಲಕ್ಕೆ ಬಡಿದ ಕ್ಷಣ ಸ್ನಾಯುವೂ ಅದನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುವೂ ಹಿಗ್ಗಿ, ಆ ಶಕ್ತಿಯನ್ನು ಮರುಕ್ಷಣವೇ ಹಿಂದಿರುಗಿಸಿ ದೇಹವನ್ನು ಮುಂದಕ್ಕೆ ಚಿಮ್ಮಿಸುತ್ತವೆ. ಕದಲದೆ ಬಹಳ ಹೊತ್ತು ಎಳೆದು ಹಿಡಿದರೆ ಆ ಬಿಗುವು ತುಸು ಸಡಿಲುತ್ತದೆ. ಜೊತೆಗೆ, ‘ಎದ್ದೇಳು’ ಎಂದು ನರಗಳು ಸ್ನಾಯುವಿಗೆ ಕಳಿಸುವ ಕರೆಯೂ ಸ್ವಲ್ಪ ಮೆತ್ತಗಾಗುತ್ತದೆ. ಕೆನಡಾದ ಡೇವಿಡ್ ಬೆಹ್ಮ್ ಮತ್ತು ಸಂಗಡಿಗರು ಇಂಥ ನೂರಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ 2016ರಲ್ಲಿ ಲೆಕ್ಕ ಕೊಟ್ಟರು. ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಕಡಿಮೆ ಎಳೆದರೆ ಓಟ, ಜಿಗಿತ, ಬಲದ ಪರೀಕ್ಷೆಗಳಲ್ಲಿ ಸರಾಸರಿ ಶೇ 1ರಷ್ಟು ಕುಸಿತ. 60 ಮುಟ್ಟಿದರೆ ಅಥವಾ ದಾಟಿದರೆ ಶೇ 4.6ರಷ್ಟು. ಚಲಿಸುತ್ತಲೇ ಮಾಡುವ ಸ್ಟ್ರೆಚಿಂಗ್‌ನಿಂದ ಶೇ 1ಕ್ಕೂ ತುಸು ಹೆಚ್ಚಿನ ಲಾಭ.

ಮೂವತ್ತರ ಎಣಿಕೆ, ಎರಡು ಸಲ: ಸರಿಯಾಗಿ 60. ಆ ಇಪ್ಪತ್ತೊಂಬತ್ತಕ್ಕೂ ಮೂವತ್ತಕ್ಕೂ ನಡುವಿನ ಕಾಗೆ ಇದೆಯಲ್ಲ, ಗೆರೆ ದಾಟಿಸುವುದು ಅದೇ.

ಮಾಸ್ಟರ್ ಏನೂ ಅನ್ನಲಿಲ್ಲ. ಮಫ್ಲರ್ ಬಿಚ್ಚಿ, ಅದರೊಳಗಿನ ವಿಷಲ್ ತೆಗೆದು, ಶಿಷ್ಯನ ಕೈಗೆ ಕೊಟ್ಟರು.

ಈಗ ಮೈದಾನದ ಬಣ್ಣವೇ ಬೇರೆ. ಹುಡುಗರು ಮೊದಲು ಮೆಲ್ಲನೆ ಎರಡು ಸುತ್ತು ಓಡಿದರು. ನಂತರ ಕೋನ್‌ಗಳ ನಡುವೆ ಮಂಡಿ ಎದೆಗೆತ್ತುತ್ತಾ, ಹಿಮ್ಮಡಿ ಹಿಂದಕ್ಕೆ ಬಡಿಯುತ್ತಾ ಸಾಗಿದರು. ಒಂದು ಕೈ ಗೋಲ್‌ಪೋಸ್ಟಿಗೆ ಕೊಟ್ಟು ಕಾಲನ್ನು ಗಡಿಯಾರದ ಲೋಲಕದಂತೆ ಬೀಸಿದರು. ಮೊದಲ ಬೀಸು ಮಂಡಿಯೆತ್ತರ, ಹತ್ತನೆಯದು ಎದೆಯೆತ್ತರ. ಉದ್ದನೆಯ ಹೆಜ್ಜೆ ಹಾಕಿ ಮಂಡಿ ಬಗ್ಗಿಸುತ್ತಾ ಮೈದಾನ ಅಳೆದರು. ಕೊನೆಗೆ ಹತ್ತು, ಹದಿನೈದು, ಇಪ್ಪತ್ತು ಮೀಟರಿನ ಓಟಗಳು; ಮೊದಲು ಮುಕ್ಕಾಲು ವೇಗ, ಕಡೆಯದು ಪೂರ್ತಿ. ಬೂಟಿನ ಮುಳ್ಳುಗಳು ಮಣ್ಣು ಕೆದರುವ ಸದ್ದು ದಪ್ಪವಾಗುತ್ತಾ ಹೋಯಿತು. ಒಬ್ಬೊಬ್ಬರಾಗಿ ಸ್ವೆಟರ್ ಕಳಚಿ ಗೆರೆಯಾಚೆ ಎಸೆದರು. ಇಪ್ಪತ್ತು ನಿಮಿಷದಲ್ಲಿ ಬೆನ್ನುಗಳಿಂದ ಸಣ್ಣಗೆ ಹಬೆ ಏಳತೊಡಗಿತು.

ನಿಜವಾದ ಗುಟ್ಟು ಆ ಹಬೆಯಲ್ಲೇ ಇದೆ. ಸ್ನಾಯುವಿನ ಉಷ್ಣ ಒಂದು ಡಿಗ್ರಿ ಏರಿದರೆ ಅದು ಹೊಮ್ಮಿಸುವ ಶಕ್ತಿ ಶೇ 2ರಿಂದ 5ರವರೆಗೆ ಹೆಚ್ಚುತ್ತದೆ. ಫಿಫಾದ ವೈದ್ಯಕೀಯ ತಜ್ಞರು 2006ರಲ್ಲಿ ರೂಪಿಸಿದ ‘ಇಲೆವೆನ್ ಪ್ಲಸ್’ ಎಂಬ ವಾರ್ಮ್ ಅಪ್ ಕೂಡ ಇಂಥದ್ದೇ: 20 ನಿಮಿಷ, 15 ವ್ಯಾಯಾಮ; ಓಟ, ಬಲ, ಸಮತೋಲ, ಜಿಗಿತ, ಮತ್ತೆ ಓಟ. ಕೂತು ಎಣಿಸುವುದು ಅದರಲ್ಲಿಲ್ಲ.

ಹಾಗೆಂದು ಮಾಸ್ಟರರ ನಲವತ್ತು ವರ್ಷ ನೀರಿನಲ್ಲಿ ಹೋಯಿತೆ? ಇಲ್ಲ. 18 ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಓಡಿಸಿ ನೋಡಿದ ಅಧ್ಯಯನವೊಂದು 2006ರಲ್ಲೇ ಪ್ರಕಟವಾಯಿತು. ಅಂಕುಡೊಂಕು ಓಟದಲ್ಲಿ ಚಲಿಸುತ್ತಾ ಮಾಡಿದ ಸ್ಟ್ರೆಚಿಂಗ್ ಮುಂದಿತ್ತು, ನಿಜ. ಆದರೆ ಪೂರ್ತಿ ವಾರ್ಮ್ ಅಪ್ಪಿನ ನಡುವೆ ಸೇರಿಸಿದಾಗ, ಕದಲದೆ ಮಾಡಿದ ಸ್ಟ್ರೆಚಿಂಗ್ ಓಟವನ್ನು ಕೆಡಿಸಿರಲಿಲ್ಲ. ಎಳೆದ ಮೇಲೆ ಓಡಿ ಜಿಗಿದು ಬಿಸಿಯಾದರೆ ಸಡಿಲಿದ್ದು ಮತ್ತೆ ಬಿಗಿಯುತ್ತದೆ. ಎಳೆದು, ಎದ್ದು, ನೇರ ಆಟಕ್ಕಿಳಿಯುವುದೇ ತೊಂದರೆ.

ಶೇ 1 ಎಂದರೆ ಎಷ್ಟು ಮಹಾ? ಇಪ್ಪತ್ತು ಮೀಟರ್ ಓಟಕ್ಕೆ ಒಳ್ಳೆಯ ಹುಡುಗನಿಗೆ ಸುಮಾರು 3 ಸೆಕೆಂಡು ಬೇಕು. ಅದರಲ್ಲಿ ಶೇ 1, ಅಂದರೆ 0.03 ಸೆಕೆಂಡು, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಆದರೆ ಓಟದ ಕೊನೆಯ ವೇಗದಲ್ಲಿ ಅಷ್ಟರೊಳಗೆ ಅವನು 20 ಸೆಂಟಿಮೀಟರಿಗೂ ಮುಂದೆ ಹೋಗಿರುತ್ತಾನೆ. ಹೆಚ್ಚುಕಡಿಮೆ ಒಂದು ಬೂಟಿನಷ್ಟು. ಫುಟ್‌ಬಾಲಿನಲ್ಲಿ ಚೆಂಡು ಯಾರದು ಎಂದು ತೀರ್ಮಾನವಾಗುವುದು ಅಷ್ಟರಲ್ಲೇ. ಜರ್ಮನಿಯ ಬುಂಡೆಸ್‌ಲೀಗಾದ 360 ಗೋಲುಗಳನ್ನು ಬಿಡಿಸಿ ನೋಡಿದವರಿಗೆ, ಅವುಗಳಲ್ಲಿ ಶೇ 45ರಷ್ಟಕ್ಕೆ ಮೊದಲು ಗೋಲು ಹೊಡೆದವನು ನೇರಕ್ಕೆ ಬಿರುಸಾಗಿ ಓಡಿದ್ದು ಕಂಡಿತ್ತು.

ಎಂಟಕ್ಕೆ ಮ್ಯಾಚ್ ಶುರು. ಎದುರು ತಂಡ ಆಸ್ಟಿನ್ ಟೌನ್ ಕಡೆಯದು. ಮೊದಲರ್ಧ ಗೋಲಿಲ್ಲದೆ, ಬೈಗುಳ ಸಮಸಮವಾಗಿ ಮುಗಿಯಿತು. ಹಾಫ್ ಟೈಮಿನಲ್ಲಿ ಎದುರಿನವರು ನೆರಳಲ್ಲಿ ಕೂತು ಕಿತ್ತಳೆ ಸುಲಿದರು. ನಮ್ಮವರು ಕೂತದ್ದು ಏಳೇ ನಿಮಿಷ. ‘ಏಳ್ರೋ, ತಣ್ಣಗಾಗಬೇಡಿ’ ಎಂದು ಅಣ್ಣ ಎಬ್ಬಿಸಿ ಓಡಿಸಿದರು. ಡೆನ್ಮಾರ್ಕಿನ ಸಂಶೋಧಕರು 2004ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ವಿರಾಮದಲ್ಲಿ ಸುಮ್ಮನೆ ಕೂತವರ ಸ್ನಾಯು ಸುಮಾರು 2 ಡಿಗ್ರಿ ತಣ್ಣಗಾಗಿ, ಮರಳಿ ಬಂದಾಗ ಅವರ ಓಟ ಶೇ 2.4ರಷ್ಟು ಕುಗ್ಗಿತ್ತು. ವಿರಾಮದಲ್ಲೇ ಹಗುರವಾಗಿ ಓಡಿದವರ ವೇಗ ಹಾಗೇ ಉಳಿದಿತ್ತು.

ಮರಳಿ ಇಳಿದ ಮೂರನೆಯ ನಿಮಿಷ. ಎಡ ಅಂಚಿನಲ್ಲಿ ಉದ್ದನೆಯ ಪಾಸ್. ನಮ್ಮ ಸಣಕಲು ವಿಂಗರ್, ಅವರ ಗಟ್ಟಿಮುಟ್ಟಾದ ಡಿಫೆಂಡರ್. ಚೆಂಡು ಇಬ್ಬರಿಗೂ ಇಪ್ಪತ್ತು ಮೀಟರ್ ದೂರ. ಮೊದಲ ಐದು ಹೆಜ್ಜೆ ಭುಜಕ್ಕೆ ಭುಜ. ಧೂಳಿನಲ್ಲಿ ನಾಲ್ಕು ಕಾಲು ಒಂದೇ ಪ್ರಾಣಿಯಂತೆ ಕಂಡವು. ಕೊನೆಯ ಹೆಜ್ಜೆಯಲ್ಲಿ ಸಣಕಲನ ಬೂಟಿನ ತುದಿ ಮೊದಲು ತಾಗಿತು. ಚೆಂಡು ಒಳಕ್ಕೆ ತಿರುಗಿತು. ಇಡೀ ಬೇಲಿ ಎದ್ದು ನಿಂತಿತು. ಅವನು ಒದ್ದ. ಚೆಂಡು ಪೋಸ್ಟಿನ ಮೇಲಿಂದ ಹಾರಿ ಹಿಂದಿನ ಓಣಿಯಲ್ಲಿ ಇಡ್ಲಿ ಗಾಡಿಯ ಕೆಳಗೆ ನಿಂತಿತು.

‘ಕಾಲು ಬಿಸಿಯಾಗಿದೆ’ ಎಂದರು ಮಾಸ್ಟರ್, ‘ತಲೆ ಇನ್ನೂ ಆಗಿಲ್ಲ.’

ಒಂದು ಓಟದಿಂದ ಯಾವುದೂ ಸಾಬೀತಾಗುವುದಿಲ್ಲ. ಡಿಫೆಂಡರ್ ರಾತ್ರಿ ಸರಿಯಾಗಿ ಮಲಗಿರಲಿಕ್ಕಿಲ್ಲ, ಸಣಕಲ ಹುಟ್ಟಾ ಓಟಗಾರನೇ ಇರಬಹುದು. ಮ್ಯಾಚ್ ಗೋಲಿಲ್ಲದೇ ಮುಗಿಯಿತು. ಆದರೆ ಆ ಒಂದು ಬೂಟಿನ ಅಂತರವನ್ನು ಮಾಸ್ಟರೂ ನೋಡಿದ್ದರು. ಎರಡು ಬೆರಳುಗಳ ನಡುವೆ ಅದನ್ನು ಅಳೆದು ಶಿಷ್ಯನಿಗೆ ತೋರಿಸಿದರು.

ಹತ್ತು ಗಂಟೆಯ ಬಿಸಿಲು. ಹುಡುಗರು ಮತ್ತೆ ಸಾಲಾಗಿ ಕೂತರು. ಈಗ ನೆಲ ಬೆಚ್ಚಗಿತ್ತು. ಹೀಗೆ ಎಳೆದರೆ ನಾಳೆಯ ಮೈಕೈ ನೋವೇನೂ ದೊಡ್ಡದಾಗಿ ಕಡಿಮೆಯಾಗದು. ವಾರಗಟ್ಟಲೆ ಬಿಡದೆ ಮಾಡಿದರೆ ಮಾತ್ರ, ಈಗ ಸಾಕ್ಸಿನ ತನಕ ಹೋಗುವ ಬೆರಳು ಬೂಟಿನ ತುದಿ ಮುಟ್ಟುತ್ತದೆ. ಅದಕ್ಕೆ ಅವಸರವಿಲ್ಲ. ಅಣ್ಣ ಕೂಡ ಕೋನ್‌ಗಳನ್ನು ಪಕ್ಕಕ್ಕಿಟ್ಟು ಸಾಲಿನ ಕೊನೆಯಲ್ಲಿ ಕಾಲು ನೀಡಿ ಕೂತರು. ಮಾಸ್ಟರ್ ಎಣಿಕೆ ಶುರುಮಾಡಿದರು.

‘ಇಪ್ಪತ್ತೊಂಬತ್ತು...’

ಮಾಸ್ಟರ್ ಮರದ ಕಡೆ ನೋಡಿದರು. ಕಾಗೆ ಹಾರಿಹೋಗಿತ್ತು. ಅದು ವಾಪಸ್ ಬರುವ ತನಕ ಕಾಯುವವರಂತೆ ಸುಮ್ಮನೆ ನಿಂತರು.

‘ಮಾಸ್ಟರ್...’ ಎಂದು ಸಾಲಿನ ಕೊನೆಯಿಂದ ಮೊದಲು ನರಳಿದ್ದು ಕೋಚ್ ಅಣ್ಣ.