ಡಿಶ್ಶಿನ ಕಿವಿಗೆ ಟವರಿನ ಗದ್ದಲ

ಘಟಪ್ರಭಾ ರೈಲು ನಿಲ್ದಾಣದಲ್ಲಿ ಇಳಿದು ಊರೊಳಗೆ ನಡೆಯುವವರು ಮಾಳಿಗೆಗಳ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಣ್ಣ ಡಿಶ್ ಆಂಟೆನಾಗಳು ಕವಾಯತಿಗೆ ನಿಂತ ಹುಡುಗರಂತೆ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿರುವುದು ಕಾಣುತ್ತದೆ. ಆ ದಿಕ್ಕು ಆಗ್ನೇಯ. ನಮ್ಮ ದೇಶಕ್ಕೆ ಟಿವಿ ಬಿತ್ತರಿಸುವ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಗೋಕಾಕ ಸೀಮೆಯಿಂದ ನೋಡಿದರೆ ಆ ಮೂಲೆಯಲ್ಲಿ, ನಿಂತಂತೆ ಇವೆ. ಡಿಶ್ಶುಗಳ ನಡುವೆ ಈಗ ಮೊಬೈಲ್ ಟವರುಗಳೂ ತಲೆ ಎತ್ತಿವೆ. "ಟವರ್ ಬಂದ ಮ್ಯಾಲೆ ಟಿವಿ ನೆಟ್ಟಗ ಬರವಲ್ದರಿ" ಎಂಬ ಮಾತು ಇಂಥ ಊರುಗಳಲ್ಲಿ ಹೊಸದಲ್ಲ. ಈ ಮಾತಿನಲ್ಲಿ ನಿಜವೆಷ್ಟು, ಊಹೆಯೆಷ್ಟು?

ಪ್ರಶ್ನೆ ಸಣ್ಣದಲ್ಲ. ಕಬ್ಬಿನ ಗದ್ದೆಗಳ ನಡುವಿನ ತೋಟದ ಮನೆಗಳಿಗೆ ಕೇಬಲ್ ಎಳೆಯುವವರಿಲ್ಲ. ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್ಶೇ ಅನೇಕರಿಗೆ ಆಧಾರ. 2020ರಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಬಂದ ಪಾಠಗಳನ್ನು ಮಕ್ಕಳು ನೋಡಿದ್ದು ಇಂಥ ಡಿಶ್ಶುಗಳಿಂದಲೇ. ಚಿತ್ರ ಚೂರುಚೂರಾಗತೊಡಗಿದರೆ ಮೊದಲು ಎಲ್‌ಎನ್‌ಬಿ ಬದಲಾಗುತ್ತದೆ, ಆಮೇಲೆ ಸೆಟ್‌ಟಾಪ್ ಬಾಕ್ಸ್. ಹಣ ಹೋಗುತ್ತದೆ, ತೊಂದರೆ ಉಳಿಯುತ್ತದೆ. ರೋಗ ಯಾವುದೆಂದು ತಿಳಿಯದೆ ಕೊಟ್ಟ ಔಷಧದ ಫಲ ಅಷ್ಟೇ.

ಮೊದಲು ಒಂದು ಲೆಕ್ಕ. ಅಲೆಯ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ ಎಂಬುದು ಪ್ರೌಢಶಾಲೆಯ ಪಾಠ. ಮನೆಯಿಂದ ಟವರು 300 ಮೀಟರ್ ದೂರದಲ್ಲಿದೆ ಎನ್ನೋಣ. ಉಪಗ್ರಹ ಅದಕ್ಕಿಂತ 1 ಲಕ್ಷ 20 ಸಾವಿರ ಪಟ್ಟು ದೂರ. ಎರಡೂ ಒಂದೇ ಶಕ್ತಿಯಿಂದ ಬಿತ್ತರಿಸಿದರೆ, ಮನೆಯ ಬಳಿ ಟವರಿನ ಅಲೆ 1440 ಕೋಟಿ ಪಟ್ಟು ಬಲವಾಗಿರುತ್ತದೆ! ಡಿಶ್ಶಿನ ಬಟ್ಟಲು ತಾನು ಮುಖ ಮಾಡಿದ ಕಡೆಯ ಅಲೆಯನ್ನು ಒಟ್ಟುಗೂಡಿಸಿ ಈ ಅಂತರವನ್ನು ಸ್ವಲ್ಪ ತುಂಬಿಸುತ್ತದೆ. 2.4 ಮೀಟರ್ ಅಗಲದ ಡಿಶ್ 4000 ಮೆಗಾಹರ್ಟ್ಸ್‌ನಲ್ಲಿ ಸುಮಾರು ಆರು ಸಾವಿರ ಪಟ್ಟು ವರ್ಧಿಸಬಲ್ಲದು. ಕೋಟಿಗಳ ಮುಂದೆ ಆರು ಸಾವಿರ ಎಷ್ಟರ ಮಾತು?

ಹಾಗಿದ್ದರೆ ಟವರಿನ ಪಕ್ಕದ ಡಿಶ್ಶುಗಳೆಲ್ಲ ಕೆಡಬೇಕಿತ್ತಲ್ಲ? ಕೆಡುವುದಿಲ್ಲ. ಎರಡರ ಆವರ್ತನಗಳು ಬೇರೆ. ಇಲ್ಲಿ ದೊಡ್ಡ ಡಿಶ್ಶನ್ನೂ ಸಣ್ಣ ಡಿಶ್ಶನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಆರು-ಎಂಟು ಅಡಿ ಅಗಲದ, ಹಲವೊಮ್ಮೆ ಜಾಲರಿಯದಾದ ದೊಡ್ಡ ಡಿಶ್ ಸಿ-ಬ್ಯಾಂಡಿನದು. 3700ರಿಂದ 4200 ಮೆಗಾಹರ್ಟ್ಸ್ ಅದರ ಮುಖ್ಯ ವ್ಯಾಪ್ತಿ. ಕೇಬಲ್ ನಡೆಸುವವರಿಗೂ ಹಳೆಯ ಹವ್ಯಾಸಿಗಳಿಗೂ ಇದು ಇನ್ನೂ ಬೇಕು. ಮಳೆಗಾಲದಲ್ಲಿ ಸಣ್ಣ ಡಿಶ್ ಕೈಕೊಟ್ಟಾಗಲೂ ಇದು ಚಿತ್ರ ಕೊಡುತ್ತಿರುತ್ತದೆ. ಭಾರತದಲ್ಲಿ 2022ರ ಹರಾಜಿನಲ್ಲಿ 3300ರಿಂದ 3670 ಮೆಗಾಹರ್ಟ್ಸ್ ವರೆಗಿನ ಪಟ್ಟಿಯನ್ನು 5ಜಿಗೆ ಮಾರಲಾಯಿತು. ಅದೇ ವರ್ಷ ಅಕ್ಟೋಬರ್ 1ರಂದು ಸೇವೆ ಆರಂಭವಾಯಿತು. ನಡುವೆ ಉಳಿದ ಬದು ಕೇವಲ 30 ಮೆಗಾಹರ್ಟ್ಸ್. ಹೊಲದ ಬದುವಿನಷ್ಟೇ ಸಣ್ಣದು, ಜಗಳಕ್ಕೆ ಅಷ್ಟೇ ಅನುಕೂಲ.

ಇದರಲ್ಲಿ ತಪ್ಪು 5ಜಿಯದಷ್ಟೇ ಅಲ್ಲ. ಮಾರುಕಟ್ಟೆಯ ಅನೇಕ ಸಿ-ಬ್ಯಾಂಡ್ ಎಲ್‌ಎನ್‌ಬಿಗಳು 3400ರಿಂದಲೇ ಕಿವಿ ತೆರೆದಿರುತ್ತವೆ. ಅಂದರೆ 5ಜಿಯ ಅಲೆ ನೇರವಾಗಿ ಒಳಬರುತ್ತದೆ. ಎಲ್‌ಎನ್‌ಬಿಯೊಳಗಿನ ವರ್ಧಕವು ಅತಿ ಕ್ಷೀಣ ಸಂಕೇತಕ್ಕೆಂದು ಮಾಡಿದ್ದು. ಜಾತ್ರೆಯಲ್ಲಿ ಲೌಡ್ ಸ್ಪೀಕರಿನ ಕೆಳಗೆ ನಿಂತವನಿಗೆ ಪಕ್ಕದವರ ಪಿಸುಮಾತು ಕೇಳುವುದುಂಟೇ? ಬಲವಾದ ಅಲೆ ಬಡಿದು ವರ್ಧಕ ತನ್ನ ಮಿತಿ ಮುಟ್ಟಿದರೆ 3670ರ ಆಚೆಗಿನ, ಯಾರೂ ಆಕ್ರಮಿಸದ ಚಾನೆಲ್ಲುಗಳೂ ಸಾಯುತ್ತವೆ. ಆದ್ದರಿಂದಲೇ ಶೋಧಕವನ್ನು, ಅಂದರೆ ಫಿಲ್ಟರನ್ನು, ವರ್ಧಕದ ಮುಂದೆಯೇ ಇಡಬೇಕು. ಟಿವಿಯ ಬಳಿ ಕೇಬಲ್ಲಿಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ; ಹಾಲು ಒಡೆದ ಮೇಲೆ ಸೋಸಿದಂತೆ.

ಈ ಫಿಲ್ಟರು ಲೋಹದ ಒಂದು ಚೌಕಾಕಾರದ ಕೊಳವೆ. ಫೀಡ್‌ಹಾರ್ನ್ ಮತ್ತು ಎಲ್‌ಎನ್‌ಬಿ ನಡುವೆ ಬೋಲ್ಟು ಹಾಕಿ ಕೂರಿಸುತ್ತಾರೆ. ಒಳಗಿನ ಕಂಬಿಗಳ ಅಳತೆಯಿಂದ 3700-4200ರ ಅಲೆ ಮಾತ್ರ ಸಲೀಸಾಗಿ ದಾಟುತ್ತದೆ. ಬೇಡದ ಆವರ್ತನವನ್ನು 50 ಡೆಸಿಬೆಲ್ ತಡೆದರೆ ಅದರ ಲಕ್ಷದಲ್ಲೊಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ಫೀಡ್‌ಹಾರ್ನ್ ಮತ್ತು ಎಲ್‌ಎನ್‌ಬಿ ಒಂದೇ ತುಂಡಾಗಿರುವ ಮಾದರಿಗಳಲ್ಲಿ ಇದನ್ನು ತೂರಿಸಲು ಜಾಗವೇ ಇಲ್ಲ. ಅಂಥವರು 3700ರಿಂದ ಮಾತ್ರ ಕೆಲಸ ಮಾಡುವ, ಒಳಗೇ ಫಿಲ್ಟರ್ ಇರುವ ಎಲ್‌ಎನ್‌ಬಿ ಕೊಳ್ಳಬೇಕು. ಅಂಗಡಿಯವರ ಮಾತಿಗಿಂತ ಮೇಲೆ ಅಚ್ಚಾದ ಅಂಕಿಯನ್ನು ನಂಬುವುದು ಲೇಸು.

ಈ ತಂಟೆ ಲೋಕದ ಎಲ್ಲೆಡೆ ಇದೆ. ಹಾಂಗ್‌ಕಾಂಗ್‌ನಲ್ಲಿ 2020ರ ಏಪ್ರಿಲ್‌ನಿಂದ ಸಿ-ಬ್ಯಾಂಡಿನ ಕೆಳಭಾಗ ಮೊಬೈಲಿಗೆ ಹೋಯಿತು. ಕಟ್ಟಡಗಳ ಸಾಮೂಹಿಕ ಡಿಶ್ಶುಗಳಿಗೆ ಫಿಲ್ಟರ್ ಹಾಕಲು ಮೊಬೈಲ್ ಕಂಪನಿಗಳೇ ಸಹಾಯಧನ ಕೊಡಬೇಕಾಯಿತು. ಅಮೆರಿಕದಲ್ಲಿ 3700ರಿಂದ 3980ರವರೆಗಿನ ಪಟ್ಟಿಯೇ ಹರಾಜಾಗಿ, ಉಪಗ್ರಹ ಟಿವಿ ಮೇಲಕ್ಕೆ ಸರಿಯಿತು.

ಇನ್ನು ಸಣ್ಣ ಡಿಶ್. ಬಹುಪಾಲು ಮನೆಗಳಲ್ಲಿರುವುದು ಇದೇ. ಇದು ಕೆಯು-ಬ್ಯಾಂಡ್, 10,700 ಮೆಗಾಹರ್ಟ್ಸ್‌ಗಿಂತ ಮೇಲಿನದು. 5ಜಿಗೂ ಇದರ ಎಲ್‌ಎನ್‌ಬಿಗೂ ಸಂಬಂಧವಿಲ್ಲ. ಸಿ-ಬ್ಯಾಂಡಿನ ಫಿಲ್ಟರನ್ನು ಇದಕ್ಕೆ ಮಾರಲು ಬಂದವರನ್ನು ಮರಳಿ ಕಳಿಸಬೇಕು. ಆದರೂ ಇದಕ್ಕೊಂದು ಹಿತ್ತಲ ಬಾಗಿಲಿದೆ, ಅದು ಕೇಬಲ್ಲು. ಎಲ್‌ಎನ್‌ಬಿ ಎತ್ತರದ ಆವರ್ತನವನ್ನು 950-2150ರ ನಡುವೆ ಇಳಿಸಿ ಕೇಬಲ್ಲಿಗೆ ಬಿಡುತ್ತದೆ. ಉದಾಹರಣೆಗೆ 11,590 ಮೆಗಾಹರ್ಟ್ಸ್‌ನ ಸಂಕೇತದಿಂದ ಎಲ್‌ಎನ್‌ಬಿಯ 9750 ಕಳೆದರೆ 1840. ಮೊಬೈಲ್ ಟವರುಗಳು ಮಾತನಾಡುವ ಒಂದು ಪಟ್ಟಿ 1805-1880! ಮೇಲಿನ ಜಾಲರಿ ಸವೆದ, ತುದಿಯ ಕನೆಕ್ಟರ್ ಸಡಿಲವಾದ, ತಂತಿ ತಿರುಚಿ ಟೇಪು ಸುತ್ತಿದ ಕೇಬಲ್ಲಿನೊಳಗೆ ಟವರಿನ ಅಲೆ ನುಸುಳಿ ಅದೇ ಚಾನೆಲ್ಲುಗಳ ಗುಂಪನ್ನು ಕೆಡಿಸುತ್ತದೆ. ಪಕ್ಕದ ಗುಂಪು ಚೆನ್ನಾಗಿಯೇ ಬರುತ್ತಿರುತ್ತದೆ. ಒಳ್ಳೆಯ ಆರ್‌ಜಿ-6 ಕೇಬಲ್, ಅದುಮಿ ಕೂರಿಸಿದ ಎಫ್ ಕನೆಕ್ಟರ್, ನಡುವೆ ಜೋಡಣೆಯಿಲ್ಲದ ಒಂದೇ ಉದ್ದ: ಇಷ್ಟರಿಂದಲೇ ಹೆಚ್ಚಿನ ದೂರುಗಳು ಮುಗಿಯುತ್ತವೆ. ಮೊಬೈಲನ್ನು ಸೆಟ್‌ಟಾಪ್ ಬಾಕ್ಸಿನ ತಲೆಯ ಮೇಲೆ ಇಡುವ ಅಭ್ಯಾಸವನ್ನೂ ಬಿಡಬೇಕು.

ರೋಗ ಗುರುತಿಸಲು ಬಾಕ್ಸಿನಲ್ಲೇ ಸಾಧನವಿದೆ. ಮೆನುವಿನಲ್ಲಿ ಸಿಗ್ನಲ್‌ನ ಎರಡು ಪಟ್ಟಿಗಳಿರುತ್ತವೆ, ಸ್ಟ್ರೆಂಥ್ ಮತ್ತು ಕ್ವಾಲಿಟಿ. ಮೊದಲನೆಯದು ಒಳಬಂದ ಒಟ್ಟು ಶಕ್ತಿ, ಅದರಲ್ಲಿ ಗದ್ದಲವೂ ಸೇರಿದೆ. ಎರಡನೆಯದು ಅದರಲ್ಲಿ ಅರ್ಥವಾಗುವ ಭಾಗ. ಎಲ್ಲ ಚಾನೆಲ್ಲುಗಳಲ್ಲಿ ಎರಡೂ ಕುಸಿದಿದ್ದರೆ ಗಾಳಿಗೆ ಡಿಶ್ ಅಲುಗಿದೆ, ಇಲ್ಲವೇ ಮಳೆ ಮೋಡ. ಸ್ಟ್ರೆಂಥ್ ತುಂಬಿದ್ದು ಕ್ವಾಲಿಟಿ ಮಾತ್ರ ಬಿದ್ದಿದ್ದರೆ, ಅದೂ ಕೆಲವೇ ಚಾನೆಲ್ಲುಗಳಲ್ಲಿ, ಆಗ ಟವರಿನ ಮೇಲೆ ಸಂಶಯಪಡಬಹುದು. ಸಿ-ಬ್ಯಾಂಡಿನವರು ಇನ್ನೊಂದು ಪ್ರಯೋಗ ಮಾಡಬಹುದು: ಒಬ್ಬರು ಪಟ್ಟಿ ನೋಡುತ್ತಿರಲಿ, ಇನ್ನೊಬ್ಬರು ಎಲ್‌ಎನ್‌ಬಿಗೂ ಟವರಿಗೂ ನಡುವೆ ಅಗಲವಾದ ತಗಡೊಂದನ್ನು, ಬಟ್ಟಲಿಗೆ ಮರೆಯಾಗದಂತೆ, ಹಿಡಿಯಲಿ. ಕ್ವಾಲಿಟಿ ಏರಿದರೆ ಕಳ್ಳ ಸಿಕ್ಕಂತೆ. ವಿದ್ಯುತ್ ತಂತಿ ಹತ್ತಿರವಿರುವ ಮಾಳಿಗೆಯಲ್ಲಿ, ಮಳೆಯಲ್ಲಿ, ಗುಡುಗಿನಲ್ಲಿ ಈ ಸಾಹಸ ಖಂಡಿತ ಬೇಡ. ಮಕ್ಕಳು ಪಟ್ಟಿ ನೋಡುವ ಕೆಲಸಕ್ಕಿರಲಿ.

ತಗಡಿನ ಬದಲು ಜಾಲರಿಯನ್ನೂ ಶಾಶ್ವತವಾಗಿ ನಿಲ್ಲಿಸಬಹುದು. ಜಾಲರಿಯ ಕಣ್ಣು ಅಲೆಯುದ್ದದ ಹತ್ತನೆಯ ಒಂದು ಭಾಗಕ್ಕಿಂತ ಚಿಕ್ಕದಿರಬೇಕು ಎಂಬುದು ರೂಢಿಯ ಲೆಕ್ಕ. 3500 ಮೆಗಾಹರ್ಟ್ಸ್‌ನ ಅಲೆಯುದ್ದ ಸುಮಾರು 8.6 ಸೆಂಟಿಮೀಟರ್, ಹಾಗಾಗಿ 8 ಮಿಲಿಮೀಟರಿನ ಕಣ್ಣು ಸಾಕು.

ಜಾಲರಿಗಿಂತ ಅಗ್ಗದ ಉಪಾಯ ಡಿಶ್ಶನ್ನು ಮಾಳಿಗೆಯಿಂದ ಹಿತ್ತಲಿಗೆ ಇಳಿಸುವುದು. ಎತ್ತರದಲ್ಲಿದ್ದರೆ ಸಿಗ್ನಲ್ ಚೆನ್ನ ಎಂಬುದು ಹಳೆಯ ದೂರದರ್ಶನ ಆಂಟೆನಾ ಕಾಲದ ನಂಬಿಕೆ, ಡಿಶ್ಶಿಗೆ ಅದು ಅನ್ವಯಿಸುವುದಿಲ್ಲ. ಘಟಪ್ರಭೆಯಿಂದ 93.5 ಡಿಗ್ರಿ ಪೂರ್ವ ರೇಖಾಂಶದ ಜಿಸ್ಯಾಟ್-15 ಉಪಗ್ರಹ ದಿಗಂತದಿಂದ ಸುಮಾರು 61 ಡಿಗ್ರಿ ಮೇಲಿದೆ. 83 ಡಿಗ್ರಿಯ ಜಿಸ್ಯಾಟ್-30 ಸುಮಾರು 69 ಡಿಗ್ರಿ ಮೇಲೆ. ಹತ್ತನೆಯ ತರಗತಿಯ ತ್ರಿಕೋನಮಿತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. 61 ಡಿಗ್ರಿಯ ಟ್ಯಾನ್ ಬೆಲೆ ಸುಮಾರು 1.8. ಆಗ್ನೇಯಕ್ಕೆ ಹತ್ತು ಅಡಿ ಗೋಡೆಯಿದ್ದರೂ ಅದರಿಂದ ಆರು ಅಡಿ ಹಿಂದೆ ಸರಿದರೆ ನೆಲದಿಂದಲೇ ಉಪಗ್ರಹ ಕಾಣುತ್ತದೆ. ಟವರು ಮಾತ್ರ ಗೋಡೆಯಾಚೆ ಮರೆಯಾಗುತ್ತದೆ. ಕಲ್ಲಿನ ಹಳೆಯ ಗೋಡೆಯಾದರೆ ಇನ್ನೂ ಒಳ್ಳೆಯದು. ದನ ಕೊಂಬು ತಾಗಿಸದಂತೆ ಸುತ್ತ ಬೇಲಿ ಹಾಕಬೇಕು.

ಮೊಬೈಲ್ ಸಿಗ್ನಲ್ ಹೆಚ್ಚಿಸಲು ಕೆಲವರು ತಾವೇ ಬೂಸ್ಟರ್ ಕಟ್ಟಿಸಿಕೊಳ್ಳುವುದುಂಟು. ಪರವಾನಗಿಯಿಲ್ಲದೆ ಅದು ಕಾನೂನಿಗೆ ವಿರುದ್ಧ, ಅಕ್ಕಪಕ್ಕದವರ ಮೊಬೈಲಿಗೂ ಡಿಶ್ಶಿಗೂ ಕಂಟಕ. ಟವರು ಬರುವ ಮೊದಲೂ ಚೆನ್ನಾಗಿದ್ದು, ಟವರು ಬಂದ ಮೇಲೂ ಚೆನ್ನಾಗಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಕೆಟ್ಟ ಡಿಶ್ಶಿನ ಮನೆಯವರು ಎಲ್‌ಎನ್‌ಬಿ ಬಿಚ್ಚುವ ಮುನ್ನ ಓಣಿಯಲ್ಲಿ ಹೊಸ ಬೂಸ್ಟರ್ ಬಂದಿದೆಯೇ ಎಂದು ವಿಚಾರಿಸಬೇಕು.