ಹಸುರೆಲೆಯ ಕಾಯಕ

ಮನುಷ್ಯನು ಎಷ್ಟೋ ಬಗೆಯ ಕಾರ್ಖಾನೆಗಳನ್ನು ಕಟ್ಟಿದ್ದಾನೆ. ಅದಿರನ್ನು ಕರಗಿಸಿ ಉಕ್ಕು ಮಾಡಿದ್ದಾನೆ, ಮರಳನ್ನು ಕರಗಿಸಿ ಗಾಜು ಮಾಡಿದ್ದಾನೆ. ಆದರೆ ಗಾಳಿ, ನೀರು, ಬಿಸಿಲು ಇಷ್ಟನ್ನೇ ಬಂಡವಾಳವಾಗಿಟ್ಟುಕೊಂಡು ಒಂದು ಹಿಡಿ ರಾಗಿಯನ್ನು ಮಾಡಿಕೊಡುವ ಕಾರ್ಖಾನೆಯನ್ನು ಕಟ್ಟುವುದು ಅವನಿಂದ ಇನ್ನೂ ಆಗಿಲ್ಲ. ಆ ಕೆಲಸವನ್ನು ಹೊಲದ ಬದುವಿನ ಮೇಲಿನ ಗರಿಕೆಯೂ ಸದ್ದಿಲ್ಲದೆ ಮಾಡುತ್ತಿದೆ. ಈ ಕಾಯಕಕ್ಕೆ ವಿಜ್ಞಾನಿಗಳು ದ್ಯುತಿಸಂಶ್ಲೇಷಣೆ ಎಂದು ಹೆಸರಿಟ್ಟಿದ್ದಾರೆ. ದ್ಯುತಿ ಎಂದರೆ ಬೆಳಕು. ಸಂಶ್ಲೇಷಣೆ ಎಂದರೆ ಕೂಡಿಸಿ ಕಟ್ಟುವುದು.

ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಇತಿಹಾಸ, ಕನ್ನಡಗಳನ್ನು ಓದುತ್ತಿರುವವಳು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಆದರೆ ಹೊಲದ ಮಣ್ಣು ತುಳಿಯದವರೂ ಇಲ್ಲ. ಎಲೆಯ ಒಳಗೆ ನಡೆಯುವುದನ್ನು ತಿಳಿಯುವ ಅಗತ್ಯ ಸಸ್ಯಶಾಸ್ತ್ರ ಓದುವವರಿಗೆ ಎಷ್ಟಿದೆಯೋ ನಮ್ಮಂಥವರಿಗೂ ಅಷ್ಟೇ ಇದೆ ಎಂಬುದು ನನ್ನ ನಂಬಿಕೆ. ಆದಕಾರಣ ಈ ಪ್ರಯತ್ನ.

ಗಿಡವು ಮಣ್ಣನ್ನು ತಿಂದು ಬೆಳೆಯುತ್ತದೆ ಎಂದು ಬಹುಕಾಲ ಜನ ನಂಬಿದ್ದರು. ಹೆಲ್ಮೊಂಟ್ ಎಂಬಾತನು ಇದನ್ನು ತೂಗಿ ನೋಡಿದನು. ಸುಮಾರು 200 ಪೌಂಡು ಒಣ ಮಣ್ಣನ್ನು ಒಂದು ದೊಡ್ಡ ಕುಂಡದಲ್ಲಿ ತುಂಬಿ, 5 ಪೌಂಡು ತೂಕದ ಒಂದು ಸಸಿಯನ್ನು ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿದನು. ಕೊನೆಯಲ್ಲಿ ಮರದ ತೂಕ ಸುಮಾರು 169 ಪೌಂಡು ಆಗಿತ್ತು. ಮಣ್ಣಿನಲ್ಲಿ ಕಡಮೆಯಾದದ್ದು ಎರಡು ಔನ್ಸಿನಷ್ಟು ಮಾತ್ರ. 1648ರಲ್ಲಿ, ಅವನು ತೀರಿಕೊಂಡ ಮೇಲೆ, ಈ ಪ್ರಯೋಗ ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದನು. ಅದು ಅರ್ಧ ಸತ್ಯ. ಉಳಿದರ್ಧ ಗಾಳಿಯಲ್ಲಿತ್ತು.

1771ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿಯು, ಮೇಣದ ಬತ್ತಿ ಉರಿದು ಕೆಟ್ಟುಹೋದ ಗಾಳಿಯಲ್ಲಿ ಒಂದು ಪುದೀನ ಗಿಡವನ್ನಿಟ್ಟನು. ಕೆಲವು ದಿನಗಳಲ್ಲಿ ಆ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. 1779ರಲ್ಲಿ ಇಂಗೆನ್‌ಹೌಸ್ ಎಂಬ ವೈದ್ಯನು, ಗಿಡವು ಗಾಳಿಯನ್ನು ಹೀಗೆ ಶುದ್ಧಮಾಡುವುದು ಬೆಳಕಿನಲ್ಲಿ ಮಾತ್ರ, ಅದೂ ಅದರ ಹಸುರು ಭಾಗ ಮಾತ್ರ ಎಂದು ತೋರಿಸಿದನು. ಗಿಡವು ಹೀರುವುದು ಇಂಗಾಲಾಮ್ಲ ವಾಯುವನ್ನು, ಅಂದರೆ ಇಂದು ನಾವು ಇಂಗಾಲದ ಡೈಆಕ್ಸೈಡ್ ಎನ್ನುವುದನ್ನು. ನೀರೂ ಅದರ ತೂಕಕ್ಕೆ ಕೂಡುತ್ತದೆ ಎಂಬ ಮಾತುಗಳು 1804ರ ಹೊತ್ತಿಗೆ ಖಚಿತವಾದವು. ಹೀಗೆ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿ, ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟ ಅವಧಿಯಲ್ಲಿ ಒಂದು ವಾಕ್ಯದ ಸತ್ಯ ಪೂರ್ಣವಾಯಿತು: ಆರು ಅಣು ಇಂಗಾಲಾಮ್ಲ ವಾಯು ಮತ್ತು ಆರು ಅಣು ನೀರು ಬಿಸಿಲಿನ ಬಲದಿಂದ ಕೂಡಿ ಒಂದು ಅಣು ಸಕ್ಕರೆಯೂ ಆರು ಅಣು ಆಮ್ಲಜನಕವೂ ಆಗುತ್ತವೆ.

ಇನ್ನು ಎಲೆಯ ಒಳಗನ್ನು ನೋಡೋಣ. ಎಲೆಯ ಮೈಮೇಲೆ, ಹೆಚ್ಚಾಗಿ ಕೆಳಮೈಯಲ್ಲಿ, ಕಣ್ಣಿಗೆ ಕಾಣದ ಸಾವಿರಾರು ಬಾಯಿಗಳಿವೆ. ಇವು ಪತ್ರರಂಧ್ರಗಳು. ಇಂಗಾಲಾಮ್ಲ ವಾಯು ಒಳಗೆ ಬರುವುದು ಇವುಗಳ ಮೂಲಕ. ಬೇರು ಹೀರಿದ ನೀರು ಕಾಂಡದ ನಾಳಗಳಲ್ಲಿ ಏರಿ ಬರುತ್ತದೆ. ಎಲೆಯ ಜೀವಕೋಶಗಳಲ್ಲಿ ಪತ್ರಹರಿತ್ತು ತುಂಬಿದ ಹಸುರು ಕಣಗಳಿವೆ. ಪತ್ರಹರಿತ್ತು ಬಿಸಿಲಿನ ಕೆಂಪು, ನೀಲಿ ಕಿರಣಗಳನ್ನು ಹೆಚ್ಚಾಗಿ ಹೀರುತ್ತದೆ. ಹಸುರನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಗಿಡ ಬೇಡವೆಂದು ಬಿಟ್ಟ ಬಣ್ಣವನ್ನು ನೋಡಿಯೇ ನಾವು ಕಣ್ಣು ತಣಿಸಿಕೊಳ್ಳುವುದು!

ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದಕ್ಕೆ ಬೆಳಕು ಬೇಕು. ಇಲ್ಲಿ ನೀರಿನ ಅಣು ಒಡೆಯುತ್ತದೆ. ಅದರ ಆಮ್ಲಜನಕ ಹೊರಗೆ ಹೋಗುತ್ತದೆ. ನಾವು ಉಸಿರಾಡುವ ಆಮ್ಲಜನಕ ಬರುವುದು ನೀರಿನಿಂದಲೇ ಹೊರತು ಇಂಗಾಲಾಮ್ಲ ವಾಯುವಿನಿಂದಲ್ಲ ಎಂಬುದನ್ನು 1941ರಲ್ಲಿ ರೂಬೆನ್, ಕಾಮೆನ್ ಮತ್ತು ಅವರ ಸಂಗಡಿಗರು ತೋರಿಸಿದರು. ಎರಡನೆಯ ಹಂತದಲ್ಲಿ, ಮೊದಲ ಹಂತದಲ್ಲಿ ಕೂಡಿಟ್ಟ ಶಕ್ತಿಯನ್ನು ವ್ಯಯಮಾಡಿ ಇಂಗಾಲಾಮ್ಲ ವಾಯುವನ್ನು ಸಕ್ಕರೆಯಾಗಿ ಕಟ್ಟಲಾಗುತ್ತದೆ. ಈ ಸುತ್ತುದಾರಿಯನ್ನು ಮೆಲ್ವಿನ್ ಕ್ಯಾಲ್ವಿನ್, ಬೆನ್ಸನ್, ಬಾಷಾಮ್ ಎಂಬುವರು ವಿಕಿರಣಶೀಲ ಇಂಗಾಲವನ್ನು ಹಾವಸೆಯ ಜಾತಿಯ ಒಂದು ಸೂಕ್ಷ್ಮ ಸಸ್ಯಕ್ಕೆ ಉಣಿಸಿ, ಹೆಜ್ಜೆಹೆಜ್ಜೆಯಾಗಿ ಪತ್ತೆಹಚ್ಚಿದರು. 1961ರಲ್ಲಿ ಕ್ಯಾಲ್ವಿನ್ನನಿಗೆ ನೊಬೆಲ್ ಪಾರಿತೋಷಕ ಬಂತು.

ಇಲ್ಲಿಂದ ಮುಂದಿನ ಕಥೆ ನಮ್ಮ ಹೊಲಗಳಿಗೆ ಸಂಬಂಧಿಸಿದ್ದು. ಇಂಗಾಲಾಮ್ಲ ವಾಯುವನ್ನು ಹಿಡಿಯುವ ಕೆಲಸ ಒಂದು ಕಿಣ್ವದ್ದು. ಆ ಕಿಣ್ವಕ್ಕೆ ಒಂದು ದೌರ್ಬಲ್ಯವಿದೆ: ಒಮ್ಮೊಮ್ಮೆ ಅದು ಇಂಗಾಲಾಮ್ಲದ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಆಗ ಕಟ್ಟಿದ್ದರಲ್ಲಿ ಒಂದು ಪಾಲು ವ್ಯರ್ಥವಾಗುತ್ತದೆ. ಬಿಸಿಲು ಏರಿದಂತೆ, ನೀರು ಉಳಿಸಲೆಂದು ಗಿಡವು ಪತ್ರರಂಧ್ರಗಳನ್ನು ಮುಚ್ಚಿಕೊಂಡಂತೆ, ಈ ನಷ್ಟವೂ ಏರುತ್ತದೆ. ನೆಲ್ಲು, ಗೋಧಿ, ಕಡಲೆ, ತೊಗರಿ, ಹತ್ತಿ ಎಲ್ಲವೂ ಈ ನಷ್ಟಕ್ಕೆ ಒಳಗಾದವು.

ರಾಗಿ, ಜೋಳ, ಸಜ್ಜೆ, ನವಣೆ, ಮುಸುಕಿನ ಜೋಳ, ಕಬ್ಬು ಇವು ಬೇರೊಂದು ಉಪಾಯ ಕಂಡುಕೊಂಡಿವೆ. ಇವುಗಳ ಎಲೆಯಲ್ಲಿ ಕೆಲಸ ಎರಡು ಬಗೆಯ ಜೀವಕೋಶಗಳಿಗೆ ಹಂಚಿಕೆಯಾಗಿದೆ. ಹೊರಗಿನ ಜೀವಕೋಶಗಳು ಇಂಗಾಲಾಮ್ಲವನ್ನು ಹಿಡಿದು, ನಾಲ್ಕು ಇಂಗಾಲದ ಪರಮಾಣುಗಳುಳ್ಳ ಒಂದು ಆಮ್ಲವನ್ನಾಗಿ ಮಾಡಿ, ಎಲೆಯ ನರಗಳ ಸುತ್ತಲಿರುವ ಒಳಗಿನ ಜೀವಕೋಶಗಳಿಗೆ ಸಾಗಿಸುತ್ತವೆ. ಅಲ್ಲಿ ಅದು ಮತ್ತೆ ಬಿಡುಗಡೆಯಾಗಿ ದಟ್ಟವಾಗಿ ತುಂಬಿಕೊಳ್ಳುವುದರಿಂದ ಕಿಣ್ವಕ್ಕೆ ತಪ್ಪುವ ಅವಕಾಶವೇ ಕಡಮೆ. ಪತ್ರರಂಧ್ರಗಳನ್ನು ಅರೆಬರೆ ತೆರೆದಿದ್ದರೂ ಸಾಕು, ನೀರು ಉಳಿಯುತ್ತದೆ. ಒಂದು ಕಿಲೋಗ್ರಾಂ ಒಣ ಪದಾರ್ಥವನ್ನು ಕಟ್ಟಲು ನೆಲ್ಲಿನಂಥ ಗಿಡವು ಎಲೆಗಳ ಮೂಲಕ ನೂರಾರು ಲೀಟರು ನೀರನ್ನು ಆವಿಯಾಗಿ ಕಳೆದುಕೊಂಡರೆ, ರಾಗಿ ಜೋಳಗಳಿಗೆ ಹೆಚ್ಚುಕಡಮೆ ಅದರ ಅರ್ಧ ಸಾಕು. ಕಬ್ಬಿನ ಎಲೆಯಲ್ಲಿ ಈ ಹಾದಿಯನ್ನು 1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬುವರು ವಿವರಿಸಿದರು. ಕತ್ತಾಳೆ, ಪಾಪಾಸುಕಳ್ಳಿ, ಅನಾನಸುಗಳದು ಇನ್ನೊಂದು ಜಾಣತನ: ಅವು ತಂಪಾದ ರಾತ್ರಿಯಲ್ಲಿ ಬಾಯಿ ತೆರೆದು ಇಂಗಾಲಾಮ್ಲವನ್ನು ಕೂಡಿಟ್ಟುಕೊಂಡು, ಹಗಲು ಬಾಯಿ ಮುಚ್ಚಿ ಅಡುಗೆ ಮಾಡುತ್ತವೆ.

ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ರಾಗಿಗೂ ನೆಲ್ಲಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೊನೆಗೆ ರಾಗಿಯನ್ನು ಗೆಲ್ಲಿಸಿದ್ದು ನಮ್ಮಲ್ಲಿ ಕನ್ನಡ ಓದುವವರಿಗೆಲ್ಲ ಗೊತ್ತು. ಅಲ್ಲಿ ಪರೀಕ್ಷೆ ನಡೆದದ್ದು ಕಾಳಿನ ಬಾಳಿಕೆಗೆ. ಇಂದಿನ ವಿಜ್ಞಾನ ಎಲೆಯನ್ನು ಪರೀಕ್ಷೆಗಿಟ್ಟಿದೆ. ಮಳೆ ಕೈಕೊಟ್ಟ ವರ್ಷ ಅಲ್ಲಿಯೂ ಗೆಲ್ಲುವುದು ರಾಗಿಯೇ. ಭಾರತದಲ್ಲಿ ಅತ್ಯಂತ ಹೆಚ್ಚು ರಾಗಿ ಬೆಳೆಯುವ ನಾಡು ನಮ್ಮದು. ಮಂಡ್ಯದ ವಿ. ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. 2023ನೆಯ ಇಸವಿಯನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಬಡವರ ಅನ್ನವೆಂದು ಮೂಗು ಮುರಿದಿದ್ದ ಪೇಟೆಯವರು ಈಗ ಅದನ್ನು ಹುಡುಕಿಕೊಂಡು ಬರುತ್ತಿದ್ದಾರೆ.

ಎಲೆಯೊಂದರ ಕಾಯಕ ಇಷ್ಟಾಯಿತು. ಆದರೆ ಗಿಡ ಒಂಟಿಯಾಗಿ ಬದುಕುವುದಿಲ್ಲ. ನೆಲ, ನೀರು, ಗಾಳಿ, ಗಿಡ, ಪ್ರಾಣಿ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡ ಸಂಸಾರಕ್ಕೆ ಪರಿಸರ ವ್ಯವಸ್ಥೆ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಈ ಮಾತನ್ನು 1935ರಲ್ಲಿ ಮೊದಲು ಬಳಕೆಗೆ ತಂದವನು ಟಾನ್‌ಸ್ಲಿ. ಈ ಸಂಸಾರದಲ್ಲಿ ದುಡಿದು ತರುವುದು ಗಿಡ. ಉಳಿದವರೆಲ್ಲ ಕೂತು ಉಣ್ಣುವವರೇ. ಬಂಡೀಪುರದ ಕಾಡನ್ನು ನೋಡಿ. ಹುಲ್ಲನ್ನು ಜಿಂಕೆ ತಿನ್ನುತ್ತದೆ, ಜಿಂಕೆಯನ್ನು ಹುಲಿ ತಿನ್ನುತ್ತದೆ. ಒಂದು ಮೆಟ್ಟಲಿನಿಂದ ಮೇಲಿನ ಮೆಟ್ಟಲಿಗೆ ದಾಟುವುದು ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಓಡಾಟದಲ್ಲಿ, ಉಸಿರಾಟದಲ್ಲಿ, ಶಾಖದಲ್ಲಿ ಕಳೆದುಹೋಗುತ್ತದೆ. ಆದುದರಿಂದಲೇ ನೂರಾರು ಜಿಂಕೆಗಳಿರುವಲ್ಲಿ ಕೆಲವೇ ಹುಲಿಗಳು. ಬ್ರಿಟಿಷರ ಕಾಲದಲ್ಲಿ ಅಂದಕ್ಕೆಂದು ತಂದ ಅಮೆರಿಕದ ಲಂಟಾನ ಪೊದೆ ಇಂದು ಆ ಕಾಡಿನಲ್ಲಿ ಹಬ್ಬಿ ಹುಲ್ಲನ್ನು ಒತ್ತರಿಸಿದೆ. ಲಂಟಾನವೂ ಹಸುರೇ, ಅದರ ಎಲೆಯೂ ಬಿಸಿಲನ್ನು ಹೀರುತ್ತದೆ. ಆದರೆ ಜಿಂಕೆಗೆ ಅದು ಮೇವಲ್ಲ.

ಹಸುರೆಲ್ಲ ಒಂದೇ ಅಲ್ಲ ಎಂಬುದಕ್ಕೆ ಕೋಲಾರದ ಸೀಮೆಯೂ ಸಾಕ್ಷಿ. 1980ರ ದಶಕದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ನೀಲಗಿರಿ ತೋಪುಗಳಾದವು. ದೂರದಿಂದ ನೋಡಿದರೆ ನಾಡು ಹಸುರಾಯಿತು. ಹತ್ತಿರ ಹೋದರೆ ತೋಪಿನ ಕೆಳಗೆ ದನ ಮೇಯುವ ಹುಲ್ಲೂ ಇಲ್ಲ. ಕಡೆಗೆ 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಇದಕ್ಕೆ ಎದುರಾಗಿ ನಮ್ಮ ಹಿರಿಯರ ಅಕ್ಕಡಿ ಸಾಲನ್ನು ನೆನೆಯಬಹುದು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು. ಅವರೆ, ತೊಗರಿಗಳ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುತ್ತವೆ. ಅವಕ್ಕೆ ಬೇಕಾದ ಸಕ್ಕರೆಯನ್ನು ಕೊಡುವುದು ಆ ಗಿಡದ ಎಲೆ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ. ನಮ್ಮ ಅಜ್ಜಿ ಈಗಲೂ ಅಕ್ಕಡಿ ಹಾಕದ ಹೊಲವನ್ನು ಬೋಳು ಹೊಲ ಎನ್ನುತ್ತಾಳೆ. ಓದು ಬರಹ ಬಾರದ ಆಕೆಯ ಮಾತಿನಲ್ಲಿ ಪರಿಸರ ವ್ಯವಸ್ಥೆಯ ಪಾಠವೇ ಅಡಗಿದೆ.

ರಾತ್ರಿ ಹುಣಿಸೆ ಮರದ ಕೆಳಗೆ ಮಲಗಬಾರದು, ಅದು ವಿಷವಾಯು ಬಿಡುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿದೆ. ಗಿಡಗಳೂ ನಮ್ಮಂತೆ ಹಗಲಿರುಳೂ ಉಸಿರಾಡುತ್ತವೆ. ಇರುಳಿನಲ್ಲಿ ದ್ಯುತಿಸಂಶ್ಲೇಷಣೆ ನಿಲ್ಲುವುದರಿಂದ ಇಂಗಾಲಾಮ್ಲ ಹೊರಬೀಳುತ್ತದೆ, ನಿಜ. ಆದರೆ ಬಯಲಿನಲ್ಲಿ ಅದು ಗಾಳಿಗೆ ಕೂಡಲೇ ಬೆರೆತುಹೋಗುತ್ತದೆ, ಪ್ರಾಣಾಪಾಯವಿಲ್ಲ.

ಓದಿದವರಲ್ಲಿಯೂ ಒಂದು ಅರ್ಧ ಸತ್ಯವಿದೆ. 1950ರಲ್ಲಿ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವವನ್ನು ಪ್ರತಿವರ್ಷ ಜುಲೈ ತಿಂಗಳಲ್ಲಿ ಆಚರಿಸುವಾಗ, ಕಾಡು ನಮಗೆ ಆಮ್ಲಜನಕ ಕೊಡುತ್ತದೆ, ಆದ್ದರಿಂದ ಉಳಿಸಬೇಕು ಎಂದು ಭಾಷಣ ಮಾಡುವುದು ವಾಡಿಕೆ. ಹಳೆಯ ಕಾಡು ತಾನು ಬಿಟ್ಟ ಆಮ್ಲಜನಕವನ್ನು ತನ್ನ ಉಸಿರಾಟಕ್ಕೂ, ಉದುರಿದ ಎಲೆ ಕೊಳೆಯುವುದಕ್ಕೂ ಬಹುಮಟ್ಟಿಗೆ ತಾನೇ ಬಳಸಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ 21ರಷ್ಟಿರುವ ಆಮ್ಲಜನಕ ಕೋಟ್ಯಂತರ ವರ್ಷಗಳ ಗಳಿಕೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಕಡಲಿನ ನೀಲಿಹಸುರು ಸೂಕ್ಷ್ಮಜೀವಿಗಳು ಅದನ್ನು ಕೂಡಿಡಲು ಮೊದಲಿಟ್ಟವು. ಇಂದಿಗೂ ಜಗತ್ತಿನ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ನಡೆಯುವುದು ಕಡಲಿನಲ್ಲಿಯೇ. ಗಿಡಗಳೆಲ್ಲ ಕೆಲಸ ನಿಲ್ಲಿಸಿದರೆ ಆಮ್ಲಜನಕ ಸಾವಿರಾರು ವರ್ಷ ಸಾಕಾದೀತು. ಅನ್ನ ಮಾತ್ರ ಬಹುಬೇಗ ಮುಗಿದುಹೋದೀತು.

ಹಾಗಾದರೆ ಕಾಡನ್ನು ಏಕೆ ಉಳಿಸಬೇಕು? ಮರದ ಒಣತೂಕದಲ್ಲಿ ಹೆಚ್ಚುಕಡಮೆ ಅರ್ಧ ಇಂಗಾಲ. ಅದು ಗಾಳಿಯಿಂದ ತೆಗೆದು ಕಟ್ಟಿಟ್ಟ ಗಂಟು. ಮರವನ್ನು ಸುಟ್ಟರೆ ಆ ಗಂಟು ಬಿಚ್ಚುತ್ತದೆ. ಕಲ್ಲಿದ್ದಲು, ಪೆಟ್ರೋಲುಗಳೂ ಪುರಾತನ ಕಾಲದ ದ್ಯುತಿಸಂಶ್ಲೇಷಣೆಯ ಗಂಟುಗಳೇ. ಯಂತ್ರಯುಗದ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಇಂಗಾಲಾಮ್ಲ ಈಗ 420ನ್ನೂ ದಾಟಿದೆ. 1958ರಿಂದ ಹವಾಯಿ ದ್ವೀಪದ ಬೆಟ್ಟವೊಂದರ ಮೇಲೆ ಕೀಲಿಂಗ್ ಎಂಬಾತನು ಮೊದಲುಮಾಡಿದ ಅಳತೆ ಇದನ್ನು ತೋರಿಸುತ್ತಿದೆ. ಆ ಅಳತೆಯ ಗೆರೆ ವರ್ಷವರ್ಷವೂ ಒಮ್ಮೆ ಇಳಿದು ಒಮ್ಮೆ ಏರುತ್ತದೆ. ಉತ್ತರಾರ್ಧ ಭೂಮಿಯ ಗಿಡಗಳು ಬೇಸಗೆಯಲ್ಲಿ ಚಿಗುರಿ ಹೀರಿದಾಗ ಇಳಿತ, ಚಳಿಗಾಲದಲ್ಲಿ ಎಲೆ ಉದುರಿದಾಗ ಏರಿಕೆ. ಆದರೆ ಇಳಿತಕ್ಕಿಂತ ಏರಿಕೆ ಪ್ರತಿವರ್ಷ ಹೆಚ್ಚು. ನಾವು ಬಿಚ್ಚುವ ವೇಗಕ್ಕೆ ಎಲೆಗಳು ಕಟ್ಟಲಾರವು. ತಾಪ ಏರಿದರೆ, ಮಳೆ ಹಾದಿ ತಪ್ಪಿದರೆ, ಮೊದಲು ಪೆಟ್ಟು ಬೀಳುವುದು ಮಳೆಯನ್ನೇ ನಂಬಿದ ಹೊಲಕ್ಕೆ.

ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಬಹುಮಂದಿ ಅಂಥ ಹೊಲಗಳ ಮನೆಯವರು. ಪದವಿ ಪಡೆದು ನಾವು ಶಿಕ್ಷಕರೋ ಗುಮಾಸ್ತರೋ ಪಂಚಾಯಿತಿ ಸದಸ್ಯರೋ ಆಗಬಹುದು. ಗೋಮಾಳದಲ್ಲಿ ಯಾವ ಗಿಡ ನೆಡಬೇಕು, ಕೆರೆಯಂಗಳದಲ್ಲಿ ಏನನ್ನು ಬಿಡಬೇಕು, ಶಾಲೆಯ ಮಕ್ಕಳಿಗೆ ಏನು ಬಡಿಸಬೇಕು ಎಂಬ ಪ್ರಶ್ನೆಗಳು ನಾಳೆ ನಮ್ಮ ಮುಂದೆಯೇ ಬರುತ್ತವೆ. ಗಿಡ ನೆಟ್ಟರೆ ಸಾಲದು. ಆ ಗಿಡ ಆ ನೆಲದಲ್ಲಿ ಯಾರಿಗೆ ಅನ್ನವಾದೀತು, ಎಷ್ಟು ನೀರು ಕೇಳೀತು ಎಂದು ವಿಚಾರಿಸಿ ನೆಡಬೇಕು. ಅಷ್ಟು ವಿವೇಕ ನಮ್ಮಲ್ಲಿ ಮೂಡಿದರೆ ಎಲೆಯ ಕಾಯಕಕ್ಕೆ ನಾವು ಸಲ್ಲಿಸುವ ಗೌರವ ಅದೇ.