ಅಚ್ಚಿನ ಗೆರೆಗೆ ನೀರಿನ ಬಣ್ಣ

ಒಂದೇ ಚಿತ್ರವನ್ನು ಅಚ್ಚಿನಿಂದ ಹಲವು ಹಾಳೆಗಿಳಿಸಿ, ಒಂದೊಂದಕ್ಕೂ ಜಲವರ್ಣ ತುಂಬುವುದು ಶಾಲೆಯ ಚಿತ್ರಕಲಾ ತರಗತಿಗೆ ಹೇಳಿಮಾಡಿಸಿದ ಪಾಠ. ಗೆರೆ ಎಲ್ಲ ಹಾಳೆಗೂ ಒಂದೇ, ಬಣ್ಣ ಮಾತ್ರ ಅವರವರದು. ಮಕ್ಕಳ ಕೈಗೆ ಬರುವ ಮೊದಲು ಇದು ನುರಿತ ಕುಶಲಕರ್ಮಿಗಳ ಕಸುಬಾಗಿತ್ತು.

1790ರ ದಶಕದಲ್ಲಿ ಪುಣೆಯ ಬ್ರಿಟಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್ ಅವರ ಮುತುವರ್ಜಿಯಿಂದ ಪೇಶ್ವೆಗಳ ಅರಮನೆ ಶನಿವಾರವಾಡೆಯಲ್ಲಿ ಒಂದು ಚಿತ್ರಶಾಲೆ ನಡೆಯಿತು. ಸ್ಕಾಟ್ಲೆಂಡಿನ ಜೇಮ್ಸ್ ವೇಲ್ಸ್ ಅಲ್ಲಿಯ ಗುರು. ಅಲ್ಲಿ ಪಳಗಿದ ಗಂಗಾರಾಮ ತಾಂಬಟ ವೇರುಳದ (ಎಲ್ಲೋರಾ) ಗುಹೆಗಳನ್ನು ಕಾಗದಕ್ಕಿಳಿಸಿದರು. ವೇಲ್ಸ್ 1795ರಲ್ಲಿ ತೀರಿಕೊಂಡರು. ಅವರ ವೇರುಳದ ಚಿತ್ರಗಳನ್ನು ಥಾಮಸ್ ಡೇನಿಯಲ್ 1803ರಲ್ಲಿ ಅಕ್ವಾಟಿಂಟ್ ವಿಧಾನದಲ್ಲಿ ಅಚ್ಚುಮಾಡಿದರು. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ ಆಮ್ಲದಿಂದ ಕೊರೆಸಿದರೆ, ಅಚ್ಚಿನಲ್ಲಿ ತೆಳುಮಸಿ ಬಳಿದಂಥ ನೆರಳು ಮೂಡುತ್ತದೆ. ಇಂಥ ಅಚ್ಚುಗಳಿಗೆ ಆಮೇಲೆ ಕುಂಚದಿಂದ ಜಲವರ್ಣ ಹಚ್ಚುವುದು ಆ ಕಾಲದ ರೂಢಿ.

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೂ ಈ ಕಥೆಯಲ್ಲಿ ಹೆಮ್ಮೆಯ ಪಾಲಿದೆ. ಮ್ಯಾಲೆಟ್ ಅವರಲ್ಲಿ ಕೊರೆಯುವುದನ್ನು ಕಲಿತಿದ್ದ ತಾಮ್ರದ ಕೆಲಸಗಾರನಿಂದ ಭಗವದ್ಗೀತೆ ಅಚ್ಚುಹಾಕಿಸಲು ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸರು ಬಯಸಿದ್ದರು. 1800ರಲ್ಲಿ ನಾನಾ ತೀರಿಕೊಂಡರು. ಕೆಲಸ ಈ ಜಿಲ್ಲೆಯ ಮಿರಜಕ್ಕೆ ಬಂತು. ಅಲ್ಲಿಯ ಸಂಸ್ಥಾನಿಕ ಗಂಗಾಧರರಾವ್ ಪಟವರ್ಧನರ ಆಶ್ರಯದಲ್ಲಿ 1805ರಲ್ಲಿ ಗೀತೆ ತಾಮ್ರದಚ್ಚಿನಿಂದ ಹೊರಬಂತು. ತಗಡಿನ ಮೇಲೆ ಒಂದೊಂದು ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೊರೆಯಬೇಕಿತ್ತು.

ಮಕ್ಕಳಿಗೆ ತಾಮ್ರವೂ ಆಮ್ಲವೂ ಸಲ್ಲವು. 19ನೇ ಶತಮಾನದಲ್ಲಿ ನೆಲಕ್ಕೆ ಹಾಸಲು ತಯಾರಾದ ಲಿನೋಲಿಯಂ ಆ ತೊಡಕು ಬಿಡಿಸಿತು. ವಿಯೆನ್ನಾದ ಫ್ರಾಂಜ್ ಚಿಜೆಕ್ ತಮ್ಮ ಮಕ್ಕಳ ಕಲಾತರಗತಿಯಲ್ಲಿ ಅದನ್ನು ಬಳಸಿದರು. ಲಿನೋ ಸಿಗದ ಕಡೆ ರಟ್ಟು ಕತ್ತರಿಸಿ ಅಂಟಿಸಿದರೂ ಅಚ್ಚಾಗುತ್ತದೆ.

ಇದೇ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಶಾಲೆಯ ಮಗುವಿಗೆ ಖಿಲಾರಿ ಎತ್ತಿಗಿಂತ ಒಳ್ಳೆಯ ವಸ್ತು ಸಿಗಲಾರದು. ಉದ್ದ ಕೊಂಬು, ಇಣಿ, ಗಂಗೆದೊಗಲಿನ ಗೆರೆಗಳನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಕೆತ್ತಿ ತೆಗೆಯಬೇಕು. ಕೆಳಗೆ ಹೆಸರು ಬೇಕಿದ್ದರೆ ಪಾರದರ್ಶಕ ಹಾಳೆಯಲ್ಲಿ ಬರೆದು, ಮಗುಚಿ ಹಾಕಿ ನಕಲಿಸಿಕೊಳ್ಳಬೇಕು. ಮಿರಜದ ಕೆಲಸಗಾರ ಎದುರಿಸಿದ ಸವಾಲೇ ಇದು. ಮಸಿ ಎಣ್ಣೆಯದಾಗಿರಬೇಕು, ಪೂರ್ತಿ ಒಣಗಿರಬೇಕು. ಆಗ ಮೇಲೆ ನೀರು ಹರಿದರೂ ಗೆರೆ ಕದಡುವುದಿಲ್ಲ. ನೀರಲ್ಲಿ ಕರಗುವ ಮಸಿಯಾದರೆ ಇಡೀ ಚಿತ್ರ ರಾಡಿ. ಬಣ್ಣವನ್ನು ತೆಳುವಾಗಿ ಆಕಾಶಕ್ಕೆ, ಎರೆಹೊಲಕ್ಕೆ, ಕೊಂಬಿನ ಗೊಂಡೆಗೆ ಹಚ್ಚಿದರೆ ಸಾಕು. ಬಿಳಿಯೆತ್ತಿನ ಮೈಗೆ ಕುಂಚ ತಾಗಿಸಬಾರದು. ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ಹಚ್ಚದೆ ಬಿಟ್ಟ ಹಾಳೆ.